ಸಾಮಾನು ಹಡಗಿನ ಅಜ್ಜ

ಟೂಟಿಂಗ್‌ನ ನಮ್ಮ ಹೋಟೆಲಿಗೆ ಪ್ರತಿ ಶನಿವಾರ ದೋಸೆ ತಿನ್ನಲು ಒಬ್ಬ ಅಮೆರಿಕನ್ ಅಜ್ಜ ಬರುತ್ತಿದ್ದರು. ಯುದ್ಧಕಾಲದಲ್ಲಿ, ದಡಕ್ಕೆ ನುಗ್ಗುವ ಸೈನಿಕರಿಗೆ ಸಾಮಾನು ಒಯ್ಯುವ ಹಡಗಿನಲ್ಲಿ ಇದ್ದವರು. ಆ ಹಡಗಿನ ಕತೆ ಕೇಳಿದರೆ, "ತುಂಬಿದೆವು, ಇಳಿಸಿದೆವು. ಆಮೇಲೆ ಅದನ್ನು ಗುಜರಿಗೆ ಹಾಕಿದರು," ಎನ್ನುವರು. ಅಷ್ಟೇ ಇರಲಿಕ್ಕಿಲ್ಲ ಎಂದು ನನಗೆ ಅನುಮಾನ.

ಒಮ್ಮೆ ಸಟನ್ ಎಂಬ ಊರಿನಲ್ಲಿದ್ದ ಮದುವೆಯ ಅಡುಗೆಗೆಂದು ವ್ಯಾನ್ ತುಂಬಿಸಿ ಮುಗಿಸಿದ್ದೆ. ಅಜ್ಜ ಕಾಫಿ ಲೋಟ ಹಿಡಿದೇ ಹೊರಗೆ ಬಂದು ಇಣುಕಿದರು.

"ಹೋದ ಕೂಡಲೇ ಏನು ಬೇಕು, ಶೆಫ್?"

"ಒಲೆ."

"ಎಲ್ಲಿದೆ?"

ಎಲ್ಲಕ್ಕಿಂತ ಒಳಗಿತ್ತು. "ಮೊದಲು ಬೇಕಾದ್ದು ಕೊನೆಗೆ ಹತ್ತಬೇಕು," ಎಂದು ತಮ್ಮ ಎಂದಿನ ಮಾತು ಹೇಳಿದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದುಡಿದೇ ಕಲಿತವ ನಾನು, ನನಗೆ ಹೇಳುವುದೇ? ಆದರೂ ಎಲ್ಲ ಇಳಿಸಿ ಮತ್ತೆ ತುಂಬಿಸಿದೆ. "ಮುಹೂರ್ತ ನಿನಗೆ ಕಾಯ್ತದಾ ಮಾರಾಯ?" ಎಂದು ಹೋಟೆಲಿನ ಯಜಮಾನರು ಕೂಗಾಡಿದರು.

ತಡವಾಗಿ ಹೋದರೂ ಒಲೆ ಮೊದಲು ಇಳಿಯಿತು. ದಿಬ್ಬಣ ಬರುವಷ್ಟರಲ್ಲಿ ಬಿಸಿ ಉಪ್ಪಿಟ್ಟು ಸಿದ್ಧವಿತ್ತು.

ಮುಂದಿನ ಶನಿವಾರ ಅದನ್ನು ಅಜ್ಜನಿಗೆ ಹೆಮ್ಮೆಯಿಂದ ಹೇಳಿದೆ.

"ಯಾರೂ ಕಾಯಲಿಲ್ಲವಲ್ಲ?" ಎಂದು ಕೇಳಿದರು.

"ಇಲ್ಲ ಅಜ್ಜ."

ಅವರು ದೋಸೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ನಾವು ಒಮ್ಮೆ ಬ್ಯಾಂಡೇಜಿನ ಪೆಟ್ಟಿಗೆಗಳನ್ನು ತಳಕ್ಕೆ ಹಾಕಿಬಿಟ್ಟಿದ್ದೆವು. ದಡದಲ್ಲಿ ಹುಡುಗರು ಕಾದರು," ಎಂದರು.