ಬಸು ಅವರ ಬೋಣಿಗಿ ಹಾಳೆ

೧೯೮೮ರ ಆಗಸ್ಟ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಅಣ್ಣಿಗೇರಿಯಲ್ಲಿ ಹತ್ತಿ ಬೆಳೆಗಾರರ ಒಂದು ಸಹಕಾರ ಸಂಘದ ಕಚೇರಿಗೆ ಕರೆಂಟ್ ಬಂದಿತು. ಐದು ನಿಮಿಷದ ಮೇಲೆ, ಯಾರೂ ಮುಟ್ಟದ ಪ್ರಿಂಟರ್ ಕರಕರ ಎಂದು ಒಂದು ಹಾಳೆ ಹೊರಹಾಕಿ ಸುಮ್ಮನಾಯಿತು. ಹಾಳೆಯ ನೆತ್ತಿಯ ಮೇಲೆ ಬೆರಳುದ್ದದ ಇಂಗ್ಲಿಷ್ ಅಕ್ಷರಗಳಲ್ಲಿ ‘ಬಸು’ ಎಂದಿತ್ತು. ಅದರ ಕೆಳಗೆ ಆ ದಿನದ ತಾರೀಖು ಮತ್ತು ವೇಳೆ. ಉಳಿದದ್ದೆಲ್ಲ ಖಾಲಿ.

ಬಸು, ಅಂದರೆ ಬಸವರಾಜ, ಈ ಕಚೇರಿಯ ಕಂಪ್ಯೂಟರ್ ಆಪರೇಟರ್ ಆಗಿದ್ದವರು. ಏಪ್ರಿಲ್‌ನಲ್ಲಿ ಎದೆನೋವಿನಿಂದ ತೀರಿಕೊಂಡಿದ್ದರು.

ನಾನು ಹುಬ್ಬಳ್ಳಿಯ ಒಂದು ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್, ವಯಸ್ಸು ಇಪ್ಪತ್ಮೂರು. ಸಂಘದಲ್ಲಿ ಒಳಕೋಣೆಯಲ್ಲೊಂದು ಕಂಪ್ಯೂಟರ್, ಹೊರಗೆ ಮೂರು ಟರ್ಮಿನಲ್ ಇದ್ದವು. ಟರ್ಮಿನಲ್ ಎಂದರೆ ಪರದೆ ಮತ್ತು ಕೀಬೋರ್ಡ್ ಮಾತ್ರ. ಕೆಲಸವೆಲ್ಲ ಒಳಗಿನ ಯಂತ್ರದ್ದು. ಮೂರಕ್ಕೂ ಸೇರಿ ಪ್ರಿಂಟರ್ ಒಂದೇ. ಯಾರ ಹಾಳೆ ಯಾವುದೆಂದು ತಿಳಿಯಲಿ ಎಂದು, ಪ್ರತಿ ಮುದ್ರಣದ ಮುಂದೆ ಕಳಿಸಿದವರ ಹೆಸರನ್ನು ದೊಡ್ಡದಾಗಿ ಹೊತ್ತ ಪುಟವೊಂದು ಬರುತ್ತಿತ್ತು. ಅದಕ್ಕೆ ಬ್ಯಾನರ್ ಎನ್ನುತ್ತೇವೆ. ಈಗ ಬರುತ್ತಿದ್ದದ್ದು ಬರೀ ಬ್ಯಾನರ್. ಜುಲೈ ಮೊದಲ ವಾರದಿಂದ ದಿನವೂ ಇದೇ ಕಥೆ ಎಂದು ನನ್ನನ್ನು ಕರೆಸಿದ್ದ ಸಂಘದವರು ಹೇಳಿದರು.

ಗುಮಾಸ್ತ ಮೌಲಾಸಾಬ ಬಾಗಿಲಲ್ಲೇ ನಿಂತು ಹೇಳಿದರು: “ಬದುಕಿದ್ದಾಗ ಎಲ್ಲಾರಕಿಂತ ಮೊದಲ ಬರ್ತಿದ್ದ, ಸರ್. ಈಗ ಪಾಪ, ಕರೆಂಟಿನ ಹಾದಿ ಕಾಯ್ಬೇಕಾಗೇತಿ.”

ಯಾರೂ ನಗಲಿಲ್ಲ. ಬಸು ಅವರ ಕುರ್ಚಿಯಲ್ಲಿ ಕೂತಿದ್ದವರು ಅವರ ಹೆಂಡತಿ ಗಿರಿಜಕ್ಕ. ಗಂಡನ ಜಾಗಕ್ಕೆ ಸಂಘದವರು ಅವರನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು. ಹಾಳೆಯನ್ನು ಹರಿದು, ಮಡಚಿ, ಅವರು ತಮ್ಮ ಚೀಲದಲ್ಲಿ ಇಟ್ಟುಕೊಂಡರು.

ಸೆಕ್ರೆಟರಿ ಪಾಟೀಲರು ನನ್ನನ್ನು ಬಾಜು ಕೋಣೆಗೆ ಕರೆದರು. “ಶುಕ್ರವಾರ ಕಮಿಟಿ ಐತ್ರಿ. ಆಕಿನ ಮಾಡ್ತಾಳಂತ ಅರ್ಧ ಮಂದಿ ಅಂತಾರ, ಆಕಿನ್ನ ನೋಡಾಕ ಅಂವ ಬರ್ತಾನಂತ ಇನ್ನರ್ಧ ಮಂದಿ. ಎರಡರಾಗ ಯಾವುದಾದ್ರೂ ಆಕಿ ನೌಕರಿ ಉಳಿಯೂದಿಲ್ಲ. ನೀವು ಕಾರಣಾ ಹುಡುಕಿ ಬರದು ಕೊಡ್ರಿ.”

ಆ ದಿನ ಕೇಬಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಪರೀಕ್ಷಿಸಿದೆ. ಮುದ್ರಣಕ್ಕೆ ಕಾದಿರುವ ಕೆಲಸಗಳ ಸರದಿಯಲ್ಲಿ ಏನೂ ಇರಲಿಲ್ಲ. ಕರೆಂಟ್ ಬರುವಾಗಿನ ಹೊಡೆತಕ್ಕೆ ಬಸು ಅವರ ಟರ್ಮಿನಲ್ ತಪ್ಪು ಸಂಕೇತ ಕಳಿಸುತ್ತಿರಬೇಕೆಂದು ಊಹಿಸಿ, ಸಂಜೆ ಅದರ ಕೇಬಲ್ ಕಿತ್ತು ಕಪಾಟಿನಲ್ಲಿಟ್ಟು ಹೋದೆ.

ಬುಧವಾರ ಕರೆಂಟ್ ಬಂದಿತು. ಹಾಳೆಯೂ ಬಂದಿತು. ಮೌಲಾಸಾಬ ಚಪ್ಪಲಿ ಮೆಟ್ಟಿ ಅಂಗಳಕ್ಕೆ ನಡೆದರು. ನಾನು ಕಪಾಟು ತೆರೆದು ನೋಡಿದೆ; ಕೇಬಲ್ ಇಟ್ಟಲ್ಲೇ ಇತ್ತು.

“ಅವರು ಎಷ್ಟಕ್ಕ ಆಫೀಸಿಗೆ ಬರ್ತಿದ್ರು?” ಎಂದು ಗಿರಿಜಕ್ಕನನ್ನು ಕೇಳಿದೆ.

“ಏಳರೊಳಗ ಮನಿ ಬಿಡ್ತಿದ್ರು. ಆಗ ಕರೆಂಟ್ ಏಳಕ್ಕ ಬರ್ತಿತ್ತಲ್ರಿ. ಬೋಣಿಗಿ ನನ್ನ ಕೈಲೆ ಆಗಬೇಕು ಅಂತಿದ್ರು.”

“ಇಲ್ಲೆಂಥಾ ಬೋಣಿಗಿ? ಇದೇನು ಅಂಗಡಿಯೇನ್ರಿ?”

“ನಮ್ಮ ಮಾವನವರದು ತಿರ್ಲಾಪುರದಾಗ ಕಿರಾಣಿ ಅಂಗಡಿ ಇತ್ರಿ. ದಿನದ ಮೊದಲನೇ ಯಾಪಾರ ಇವರ ಕೈಯಿಂದನ ಮಾಡಸ್ತಿದ್ರು, ಕೈಗುಣ ಛಲೋ ಅಂತ. ಆ ಚಟಾ ಹೋಗಲಿಲ್ಲ. ಮುಂಜಾನಿ ಮೊದಲನೇ ಹಾಳಿ ದೇವರ ಫೋಟೋದ ಮುಂದ ಇಟ್ಟು ಆಮ್ಯಾಲ ಕೆಲಸಾ ಸುರು ಮಾಡ್ತಿದ್ರಂತ.”

ಒಳಕೋಣೆಗೆ ಹೋಗಿ, ಯಂತ್ರ ಎದ್ದ ಕೂಡಲೇ ತಾನಾಗಿ ನಡೆಸುವ ಆಜ್ಞೆಗಳ ಫೈಲ್ ತೆರೆದೆ. ಕಟ್ಟಕಡೆಯ ಸಾಲಿನಲ್ಲಿ, ಬಸು ಹೆಸರಿನಿಂದ ಏನೂ ಬರೆಯದ ಒಂದು ಪುಟ ಮುದ್ರಿಸು ಎಂಬ ಆಜ್ಞೆ ಇತ್ತು. ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟಿಪ್ಪಣಿ: ಬೋಣಿಗಿ. ಹಾಳೆ ಮೊದಲಿನಿಂದಲೂ ದಿನಾ ಬರುತ್ತಿತ್ತು. ಏಳಕ್ಕೆ ಬಂದು ಬಸು ಅದನ್ನು ಎತ್ತಿಕೊಳ್ಳುತ್ತಿದ್ದರು. ಅವರು ಹೋದ ಮೇಲೆ ಬೆಳಿಗ್ಗೆ ಕಸ ಗುಡಿಸುವವರು ಗುಡಿಸಿ ಹಾಕುತ್ತಿದ್ದರು. ಜುಲೈಯಲ್ಲಿ ಕರೆಂಟಿನ ವೇಳೆ ಹತ್ತೂವರೆಗೆ ಬದಲಾದದ್ದರಿಂದ ಎಲ್ಲರ ಕಣ್ಣಿಗೆ ಬಿದ್ದಿತು.

ಗಿರಿಜಕ್ಕನಿಗೆ ಪರದೆ ತೋರಿಸಿದೆ. ಆ ಟಿಪ್ಪಣಿಯ ಮೇಲೆ ಬೆರಳಿಟ್ಟರು.

“ಇದನ್ನ ಅಳಿಸಿದ್ರ ನನ್ನ ನೌಕರಿ ಉಳೀತೈತೇನ್ರಿ?”

“ಉಳೀಬೇಕ್ರಿ.”

“ಹಂಗಾದ್ರ ಅಳಸ್ರಿ.” ಮುಖ ಆಚೆ ತಿರುಗಿಸಿಕೊಂಡರು.

ಅಳಿಸಿದೆ. ಗುರುವಾರ ಪ್ರಿಂಟರ್ ಮಿಸುಕಲಿಲ್ಲ. ಶುಕ್ರವಾರ ಕಮಿಟಿ ನನ್ನ ವರದಿ ಓದಿ ಗಿರಿಜಕ್ಕನನ್ನು ಕಾಯಂ ಮಾಡಿತು. ನನ್ನ ಡೈರಿಯಲ್ಲಿ ಆ ಕೇಸಿನ ಮುಂದೆ ‘ಮುಗಿಯಿತು’ ಎಂದಿದೆ.

ನವೆಂಬರ್‌ನಲ್ಲಿ ಮಾಮೂಲಿ ತಪಾಸಣೆಗೆ ಮತ್ತೆ ಹೋದೆ. ಕರೆಂಟ್ ಮತ್ತೆ ಏಳಕ್ಕೆ ಬರತೊಡಗಿತ್ತು; ಗಿರಿಜಕ್ಕ ಈಗ ಎಲ್ಲರಿಗಿಂತ ಮೊದಲು ಬರುತ್ತಾರೆ ಎಂದು ಮೌಲಾಸಾಬ ಹೇಳಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದಾಗ ಗಿರಿಜಕ್ಕ ಚೀಲದಿಂದ ಒಂದು ಹಾಳೆ ತೆಗೆದರು. ಬಸು. ಅದೇ ದಿನದ ತಾರೀಖು, ಏಳು ಗಂಟೆ ಐದು ನಿಮಿಷ.

“ದೀಪಾವಳಿ ಆದಾಗಿಂದ ಬರಾಕ ಹತ್ತೇತ್ರಿ. ಯಾರ ಮುಂದೂ ಹೇಳಬ್ಯಾಡ್ರಿ.”

ಫೈಲ್ ತೆರೆದೆ. ಆ ಸಾಲು ಇರಲಿಲ್ಲ. ಸರದಿ ಖಾಲಿ. ಮಧ್ಯಾಹ್ನದವರೆಗೆ ಹುಡುಕಿದೆ.

“ನೀವ ಮತ್ತ ಹಾಕೀರೇನ್ರಿ?”

“ಒಳಗಿನ ಪಾಸ್‌ವರ್ಡ್ ನಿಮಗ, ಪಾಟೀಲ ಸಾಹೇಬರಿಗ ಬಿಟ್ಟು ಮತ್ತ ಯಾರಿಗೆ ಗೊತ್ತೈತ್ರಿ?” ಎಂದರು. ಅದು ನಿಜ.

ವರದಿಯಲ್ಲಿ ‘ದೋಷವಿಲ್ಲ’ ಎಂದು ಬರೆದು ಸಹಿ ಮಾಡಿದೆ. ದೋಷ ಯಾವುದೆಂದು ತೀರ್ಮಾನಿಸುವ ಮೊದಲು, ಅದು ಯಾರಿಗೆ ದೋಷವೆಂದು ಕೇಳಬೇಕು. ಈ ನೌಕರಿ ನನಗೆ ಕಲಿಸಿದ್ದು ಅಷ್ಟೇ.

ಈ ವರ್ಷ, ಎಂಬತ್ತೊಂಬತ್ತರ ಮಾರ್ಚ್‌ನಲ್ಲಿ, ಸಂಘಕ್ಕೆ ಹೊಸ ಯಂತ್ರ ಬಂದಿತು. ಹಳೆಯದನ್ನು ಬೇರೆ ಯಾವುದೋ ಊರಿಗೆ ಮಾರಿದರು. ಗಿರಿಜಕ್ಕ ಈಗಲೂ ಏಳಕ್ಕೆ ಬಂದು ಹೊಸ ಪ್ರಿಂಟರಿನ ಮುಂದೆ ಕೂರುತ್ತಾರೆ. ಅದು ಏನೂ ಮುದ್ರಿಸುವುದಿಲ್ಲ. ಕಳೆದ ಸಲ ನನ್ನನ್ನು ಒಂದೇ ಮಾತು ಕೇಳಿದರು: “ಹಳೇದು ಎಲ್ಲಿಗೆ ಹೋತ್ರಿ?”

ನನಗೆ ತಿಳಿಯದು. ಓದುಗರಲ್ಲಿ ಯಾರದಾದರೂ ಕಚೇರಿಯಲ್ಲಿ, ಕರೆಂಟ್ ಬಂದೊಡನೆ ಆ ಹೆಸರಿನ ಹಾಳೆ ಬರುತ್ತಿದ್ದರೆ, ಹೆದರಬೇಡಿ, ಗುಡಿಸಿ ಹಾಕಲೂ ಬೇಡಿ. ಈ ಪತ್ರಿಕೆಯ ವಿಳಾಸಕ್ಕೆ ನನಗೊಂದು ಕಾರ್ಡು ಬರೆಯಿರಿ. ಹಾಳೆಗಾಗಿ ಕಾಯುತ್ತಿರುವವರು ಅಣ್ಣಿಗೇರಿಯಲ್ಲಿದ್ದಾರೆ.