ಟೀವಿ ನಕ್ಕಾಗ ನಕ್ಕವರು

ಸಂಜೆ ಏಳೂವರೆ ಆದರೆ ಸಾಕು, ಅರಸೀಕೆರೆಯ ನಮ್ಮ ಮನೆಯ ಹಾಲ್‌ನಲ್ಲಿ ಐವತ್ತು ಅರವತ್ತು ಜನ ಒಟ್ಟಿಗೆ ನಗುತ್ತಾರೆ. ಅವರಲ್ಲಿ ಒಬ್ಬರ ಮುಖವನ್ನೂ ನಾನು ಕಂಡಿಲ್ಲ. ಟೀವಿಯಲ್ಲಿ ಬರುವ ಹಾಸ್ಯ ಧಾರಾವಾಹಿಯ ನಗು ಅದು. ಅಕ್ಕಪಕ್ಕದ ಎರಡು ಮನೆ, ಎರಡು ಸಂಸಾರ, ನಡುವೆ ಒಂದು ಕಾಂಪೌಂಡು. ಆ ಕಾಂಪೌಂಡಿನ ಮೇಲಿಂದ ಒಬ್ಬಳು ಸಕ್ಕರೆ ಕೇಳಿದರೂ ನಗು, ಇನ್ನೊಬ್ಬಳು ಇಲ್ಲ ಎಂದರೂ ನಗು. ಯಾವ ಊರಲ್ಲಿ, ಯಾವ ಕಾಲದಲ್ಲಿ, ಏನನ್ನು ಕಂಡು ನಕ್ಕ ಜನವೋ, ಅವರ ನಗುವನ್ನು ಹಿಡಿದಿಟ್ಟುಕೊಂಡು ಬೇಕಾದಾಗ ಬೇಕಾದಷ್ಟು ಬಡಿಸುತ್ತಾರೆ. ಮೊದಲಿನಿಂದಲೂ ನನಗೆ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಈಗ ಹೆದರಿಕೆಯೂ ಸೇರಿಕೊಂಡಿದೆ.

ಆ ನಗುವನ್ನು ಮೊದಲು ಕೇಳಿದ್ದು ನನ್ನ ತವರು ಮಾದಿಹಳ್ಳಿಯಲ್ಲಿ. ನಾನಾಗ ಹೈಸ್ಕೂಲು. ಬೀದಿಗೊಂದು ಟೀವಿ ಇದ್ದರೆ ಹೆಚ್ಚು ಎನ್ನುವ ಕಾಲ. ಬರುತ್ತಿದ್ದದ್ದು ಹಿಂದಿ, ನಮಗ್ಯಾರಿಗೂ ಒಂದಕ್ಷರ ತಿಳಿಯದು. ಆದರೂ ಟೀವಿ ಗೊಳ್ಳೆಂದ ಕೂಡಲೇ ಚಾಪೆಯ ಮೇಲಿದ್ದ ನಾವಷ್ಟೂ ಜನ ಗೊಳ್ಳೆನ್ನುತ್ತಿದ್ದೆವು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದೇನೆ, ಏತಕ್ಕೆಂದು ಇವತ್ತಿಗೂ ಗೊತ್ತಿಲ್ಲ. ಒಂದು ದಿನ ಜೊತೆಗೆ ಬಂದ ನಮ್ಮಜ್ಜಿ ಮಾತ್ರ ನಗಲಿಲ್ಲ. ನನ್ನ ಮೊಣಕೈ ಹಿಡಿದು, "ನಗ್ತಿರೋರು ಯಾರೇ? ಎಲ್ಲವ್ರೆ?" ಎಂದು ಕೇಳಿದಳು.

"ಟೀವೀಲವ್ರೆ ಕಣಜ್ಜಿ."

"ಅದರಾಗಿರೋರು ಬಾಯಿ ಮುಚ್ಕೊಂಡವ್ರಲ್ಲೇ. ನಗು ಎಲ್ಲಿಂದ ಬತ್ತೈತೆ?" ಎಂದು ಗೋಡೆಯ ಕಡೆ, ಬಾಗಿಲ ಕಡೆ ತಿರುಗಿ ತಿರುಗಿ ನೋಡಿದಳು. ಅದೂ ನಮಗೆ ನಗುವೇ ಆಯಿತು. ಅವಳು ಮತ್ತೆ ಆ ಟೀವಿ ಮನೆಗೆ ಕಾಲಿಡಲಿಲ್ಲ.

ನಮ್ಮನೆಯವರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಇಲ್ಲಿ ಬರೆಯುವುದೂ ಇಲ್ಲ. ಅವರದು ಉಂಡೆ ಕೊಬ್ಬರಿ ವ್ಯಾಪಾರ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ ವರ್ಷದ ಹತ್ತಿರ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಯಿತೋ ಇಲ್ಲವೋ ಎಂದು ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಕುಳುಕುಳು ಎಂದರೆ ಇನ್ನೂ ನೀರಿದೆ, ಲೊಟಲೊಟ ಎಂದರೆ ಆಗಿದೆ. ಆತುರಪಟ್ಟು ಒಡೆದರೆ ಹಸಿ ತಿರುಳು ಬೂಷ್ಟು ಹಿಡಿದು ಇಡೀ ವರ್ಷದ ಕಾಯಿ ತಿಪ್ಪೆಗೆ. ಜಾವಗಲ್ ಕಡೆಯ ತೋಟದವರೂ ಬಂದು, "ಒಂದ್ಸಲ ನೀವು ಕೇಳ್ಬುಟ್ಟು ಹೇಳಿ ಯಜಮಾನ್ರೇ" ಎಂದು ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ಇವರು ಏಣಿ ಹತ್ತಿ, ನಾಲ್ಕು ಕಾಯಿ ಅಲ್ಲಾಡಿಸಿ, ಇಳಿದು ಬಂದು ಹೇಳಿದ್ದೇ ಮಾತು.

ಇಂಥ ಮನೆಗೆ ಸೊಸೆಯಾಗಿ ಬಂದ ನನಗೂ ಎಲ್ಲವನ್ನೂ ಕಿವಿಯಲ್ಲೇ ತಿಳಿಯುವ ಚಟ ಅಂಟಿತು. ಹಾಲು ಇನ್ನೇನು ಉಕ್ಕುತ್ತದೆ ಎಂಬುದು, ನೆಲದ ತೊಟ್ಟಿಗೆ ನೀರು ಬಂತೆಂಬುದು, ಸ್ಕೂಟರ್ ನಿಲ್ಲಿಸಿದ ಸದ್ದಿನಲ್ಲೇ ಇವರಿಗೆ ಅವತ್ತು ಕೊಬ್ಬರಿ ಮಂಡಿಯಲ್ಲಿ ಯಾರ ಮೇಲೆ ಎಷ್ಟು ಸಿಟ್ಟು ಬಂದಿದೆ ಎಂಬುದು. ಅಡುಗೆಮನೆಯಿಂದ ಕದಲದೆ ಇಡೀ ಮನೆಯ ಯೋಗಕ್ಷೇಮ ಹೇಳಬಲ್ಲೆ ಎಂಬ ಜಂಬ ನನಗೆ. ಆ ಜಂಬವೇ ನನ್ನನ್ನು ಹಾಳು ಮಾಡಿತು.

ಟೀವಿಯ ನಗು ಇವರಿಗೂ ಆಗುತ್ತಿರಲಿಲ್ಲ. "ನಾನ್ ಯಾವಾಗ ನಗಬೇಕು ಅಂತ ಇವ್ರು ಹೇಳ್ಕೊಡಬೇಕಾ?" ಎಂದು ಚಾನೆಲ್ ಬದಲಾಯಿಸುತ್ತಿದ್ದರು. ಇವರದು ಇನ್ನೊಂದು ಥರದ ಕಾಟ. ಯಾರಾದರೂ ತಮಾಷೆ ಹೇಳಲು ಶುರು ಮಾಡಿದರೆ ಅದರ ಕೊನೆಯನ್ನು ಮೊದಲೇ ಹಿಡಿದು, ಅವರು ಮುಗಿಸುವ ಮುಂಚೆಯೇ ನಕ್ಕು, ಹೇಳುವವರ ಉತ್ಸಾಹಕ್ಕೆ ತಣ್ಣೀರು ಎರಚುವುದು. ನೆಂಟರಲ್ಲಿ ಎಷ್ಟೋ ಜನ ಇವರ ಮುಂದೆ ತಮಾಷೆ ಮಾಡುವುದನ್ನೇ ಬಿಟ್ಟಿದ್ದರು.

ಎರಡು ವರ್ಷದ ಹಿಂದೆ ಇವರು ಟೀವಿಯ ಜೊತೆ ನಗತೊಡಗಿದರು. ನಾನು ಒಳಗೆ ರೊಟ್ಟಿ ತಟ್ಟುತ್ತಿರುತ್ತಿದ್ದೆ. ಹೊರಗೆ ಆ ಐವತ್ತು ಜನ ನಗುವುದು, ಹಿಂದೆಯೇ ಇವರು ನಗುವುದು ಕೇಳಿಸುತ್ತಿತ್ತು. ವಯಸ್ಸಾದ ಮೇಲೆ ಮೆತ್ತಗಾದರು, ಬಿಗುಮಾನ ಇಳಿಯಿತು ಎಂದುಕೊಂಡೆ. ಖುಷಿಯಾಯಿತು. ಏನು ನಡೆಯಿತೆಂದು ಗೊತ್ತಿಲ್ಲದಿದ್ದರೂ ಹೆಂಚಿನ ಮುಂದೆ ನಾನೂ ನಗುತ್ತಿದ್ದೆ. ಹಾಸನದ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಫೋನ್ ಮಾಡಿ ಅಪ್ಪ ಹೇಗಿದ್ದಾರೆ ಎಂದರೆ, "ಕೇಳಿಸ್ಕೊ, ಎಷ್ಟು ಚೆನ್ನಾಗಿ ನಗ್ತಾವ್ರೆ" ಎಂದು ಫೋನನ್ನು ಹಾಲ್‌ ಕಡೆ ಹಿಡಿಯುತ್ತಿದ್ದೆ.

ಬೇರೆ ಸಂಗತಿಗಳೂ ನಡೆಯುತ್ತಿದ್ದವು. ಸ್ಕೂಟರ್ ಕೀ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ನಾನು ಬಿದ್ದು ಬಿದ್ದು ನಕ್ಕೆ, ಅವರೂ ನಕ್ಕರು. ಒಂದು ಶನಿವಾರ ಮಾಲೇಕಲ್ಲಿಗೆ ಹೋಗಿ, ಬೆಟ್ಟ ಹತ್ತಿ, ದರ್ಶನ ಮಾಡಿ, ಇಳಿದು ಬಂದು ಕೆಳಗೆ ಕೂತು ಮಜ್ಜಿಗೆ ಕುಡಿಯುವಾಗ, "ಬಿಸಿಲು ಏರೋದ್ರೊಳಗೆ ಹತ್ತಿಬಿಡೋಣ ನಡಿ" ಎಂದರು. "ನಿಮಗೆ ಪುಣ್ಯ ಸಾಲ್ದೇನೋ, ನನಗೆ ಮಂಡಿ ಸಾಲ್ದು" ಅಂದೆ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ಇವರು ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡಿ, ಆಮೇಲೆ ನಕ್ಕರು. ಆ ನೋಟ ನನ್ನ ಕಣ್ಣಿಗೆ ಬಿದ್ದಿತ್ತು. ನಾನು ಅದರ ಮೇಲೆ ಒಂದು ಲೋಟ ಮಜ್ಜಿಗೆ ಕುಡಿದು ಎದ್ದೆ.

ಹಳೇಬೀಡಿನಲ್ಲಿ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಗಂಡಸರು, ಹೆಂಗಸರು ಎಲ್ಲ ಶಾಮಿಯಾನದ ಕೆಳಗೆ ಎಲೆಅಡಿಕೆ ಹಾಕುತ್ತ ಕೂತಿದ್ದೆವು. ನನ್ನ ತಮ್ಮ ಬಂದ. ಇವರು ಅವನನ್ನು ಕಂಡು, "ಏನ್ಲಾ, ಮಾವನೋರು ಬರ್ಲಿಲ್ವಾ? ಕಾಲು ನೋವಾ?" ಎಂದು ಕೇಳಿದರು.

ನಮ್ಮಪ್ಪ ತೀರಿಕೊಂಡು ನಾಲ್ಕು ವರ್ಷ ಆಗಿತ್ತು. ಹೆಗಲು ಕೊಟ್ಟವರಲ್ಲಿ ಇವರೂ ಒಬ್ಬರು.

ಎಲೆಗೆ ಸುಣ್ಣ ಹಚ್ಚುತ್ತಿದ್ದವರೆಲ್ಲ ತಲೆ ಎತ್ತಿದರು. ನನ್ನ ತಮ್ಮ ಯಾವತ್ತೂ ಮಾತಿಗೆ ಸೋತವನಲ್ಲ. "ಅಲ್ಲಿಂದ ಬರೋಕೆ ಬಸ್ಸಿಲ್ಲ ಕಣ್ ಭಾವ" ಅಂದ. ಎಲ್ಲರೂ ಹೋ ಎಂದು ನಕ್ಕರು. ನಾನೂ ನಕ್ಕೆ. ಸತ್ತ ನನ್ನಪ್ಪನ ಮೇಲಿನ ಮಾತಿಗೆ ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ನಕ್ಕೆ. ನಗುತ್ತ ಇವರ ಕಡೆ ತಿರುಗಿದೆ. ಇವರು ನಗುತ್ತಿರಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆಮೇಲೆ, ಅರ್ಧ ಉಸಿರಿನಷ್ಟು ತಡವಾಗಿ, ಹೆಗಲು ಕುಣಿಸಿಕೊಂಡು ನಕ್ಕರು. ದಿನಾ ಸಂಜೆ ಅಡುಗೆಮನೆಗೆ ಕೇಳಿಸುತ್ತಿದ್ದ ನಗು ಅದೇ. ಕಿವಿಯಲ್ಲಿ ಕೇಳಿದ್ದನ್ನು ನಾನು ಅವತ್ತು ಮೊದಲ ಸಲ ಕಣ್ಣಲ್ಲಿ ಕಂಡೆ.

ಮಾರನೇ ಸಂಜೆ ರೊಟ್ಟಿ ತಟ್ಟಲಿಲ್ಲ. ಏಳೂವರೆಗೆ ಹೋಗಿ ಇವರ ಪಕ್ಕ ಕೂತೆ. ಟೀವಿ ಬಿಟ್ಟು ಇವರನ್ನೇ ನೋಡಿದೆ. ಮಾತು ನಡೆಯುವಷ್ಟು ಹೊತ್ತೂ ಮುಖ ಗೋಡೆಯ ಹಾಗಿತ್ತು. ಜನ ನಕ್ಕರು. ಇವರ ಹೆಗಲು ಕುಣಿಯಿತು.

"ಈಗ ಏನಂದ್ಲು ಅವಳು?" ಎಂದು ಕೇಳಿದೆ.

"ಅದೇ ಕಣೇ. ಯಾವಾಗ್ಲೂ ಅಂತಾಳಲ್ಲ, ಅದೇ."

ರಿಮೋಟ್ ತೆಗೆದುಕೊಂಡು ಸದ್ದು ಪೂರ್ತಿ ಕಡಿಮೆ ಮಾಡಿದೆ. ಎರಡು ಹೆಂಗಸರು ಕಾಂಪೌಂಡಿನ ಆಚೆ ಈಚೆ ನಿಂತು ಬಾಯಿ ತೆರೆಯುತ್ತ ಮುಚ್ಚುತ್ತ ಇದ್ದರು. ಫ್ಯಾನ್ ತಿರುಗುವುದು ಕೇಳಿಸಿತು. ಇವರು ಯಾಕೆ ಕಡಿಮೆ ಮಾಡಿದೆ ಎಂದು ಬೈಯಲಿಲ್ಲ. ಸ್ವಲ್ಪ ಹೊತ್ತು ಟೀವಿ ನೋಡಿದರು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿ ನನ್ನ ಮುಖವನ್ನು ಓದತೊಡಗಿದರು, ಈಗ ನಗಬೇಕೋ ಬೇಡವೋ ಎಂದು. ಹಿಂದಿ ಬಾರದೆ ನಕ್ಕ ಮಾದಿಹಳ್ಳಿಯ ಹುಡುಗಿಯರ ಹಾಗೆ ಇವರು ಎರಡು ವರ್ಷದಿಂದ ತಮ್ಮದೇ ಭಾಷೆಯ ಮುಂದೆ ಕೂತಿದ್ದರು. ನಾನು ಮತ್ತೆ ಸದ್ದು ಜಾಸ್ತಿ ಮಾಡಿ, ಒಳಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ವಾರವೇ ಜಾವಗಲ್ ಕಡೆಯ ತೋಟದವರೊಬ್ಬರು ಅಟ್ಟದ ಕಾಯಿ ನೋಡಲು ಇವರನ್ನು ಕರೆಯಲು ಬಂದರು. ಬೇಡ ಎಂದರೆ ಕಾರಣ ಹೇಳಬೇಕು. ನಾನೂ ಬರುತ್ತೇನೆಂದು ಹೊರಟೆ. ಏಣಿ ಹತ್ತುವಾಗ ಕಾಲು ತಪ್ಪೀತು ಎಂಬುದು ನನ್ನ ಭಯವಾಗಿತ್ತು. ಕಾಲು ತಪ್ಪಲಿಲ್ಲ. ಸರಸರ ಹತ್ತಿದರು, ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಕೆಳಗೆ ನಿಂತ ನನಗೇ ಕುಳುಕುಳು ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಇವರು ಕಾಯನ್ನು ಕಿವಿಗೆ ಹಿಡಿದುಕೊಂಡೇ ಕೆಳಗೆ ಬಗ್ಗಿ ತೋಟದವರ ಮುಖ ನೋಡಿದರು. ಅವರು ಆಸೆಯಿಂದ ಹಲ್ಲು ಬಿಟ್ಟುಕೊಂಡು ನಿಂತಿದ್ದರು.

"ಆಗೈತೆ" ಎಂದರು ಇವರು.

"ಆಗಿಲ್ಲ, ನೀರೈತೆ" ಎಂದು ನಾನು ಕೂಗಿದೆ.

"ಅಮ್ಮಾವ್ರು ಯಜಮಾನ್ರನ್ನೇ ಮೀರಿಸ್ಬುಟ್ರು" ಎಂದು ತೋಟದವರು ನಕ್ಕರು. ಮೇಲಿನಿಂದ ಇವರೂ ನಕ್ಕರು. ನಾನು ಆ ಕಾಯನ್ನು ಕೆಳಕ್ಕೆ ಹಾಕಿಸಿ, ಒಡೆಸಿ, ನೀರು ಚೆಲ್ಲಿಸಿ ತೋರಿಸಿದೆ. ಆಗ ಯಾರೂ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಇವರು ದಾರಿಯುದ್ದಕ್ಕೂ ಎಡಗೈಯಲ್ಲಿ ತಮ್ಮ ಕಿವಿಯನ್ನು ಉಜ್ಜಿಕೊಳ್ಳುತ್ತಿದ್ದರು. ಏನೋ ಆಗುತ್ತಿದೆ ಎಂಬುದು ಅವರಿಗೂ ಗೊತ್ತಾಗಿತ್ತೋ ಏನೋ.

ಮಗಳಿಗೆ ಎಲ್ಲ ಹೇಳಿದೆ. "ಅಮ್ಮ, ಅಪ್ಪ ಏನಾದ್ರೂ ತಪ್ಪು ಹೇಳಿದಾಗ ನಾವೆಲ್ಲ ನಕ್ಕುಬಿಡ್ತೀವಿ. ನಾವು ನಗ್ತೀವಿ ಅಂತ ಅವರು ನಗ್ತಾರೆ. ಅಲ್ಲಿಗೆ ಅದು ತಮಾಷೆ ಆಗಿ ಮುಗಿದುಹೋಗುತ್ತೆ. ಹಿಂಗಾದ್ರೆ ಅಪ್ಪಂಗೇನಾಗ್ತಿದೆ ಅಂತ ಯಾರಿಗೂ ಗೊತ್ತೇ ಆಗಲ್ಲ" ಎಂದಳು. ಹಾಸನದ ಡಾಕ್ಟರೊಬ್ಬರ ಹತ್ತಿರ ಸಮಯ ಗೊತ್ತು ಮಾಡಿದಳು. "ಅಲ್ಲಿ ಮಾತ್ರ ನಗಬೇಡ. ಬಾಯಿಗೆ ಸೆರಗು ತುರ್ಕೊ ಬೇಕಾದ್ರೆ. ಡಾಕ್ಟ್ರು ಇರೋದನ್ನ ಇದ್ದಂಗೆ ನೋಡಬೇಕು." ಆಣೆ ಹಾಕಿಸಿಕೊಂಡಳು. ಹಾಕಿದೆ.

ಮಗಳೂ ನಮ್ಮ ಜೊತೆ ಒಳಗೆ ಬಂದಳು. ಡಾಕ್ಟರು ಸಣ್ಣ ವಯಸ್ಸಿನವರು, ಮೆಲುದನಿ. ಇವರಿಗೆ ಇಷ್ಟವಾದರು. ಊರು ಕೇಳಿದರು, ಕಸುಬು ಕೇಳಿದರು. ಇವರು ಚೆನ್ನಾಗಿ ಹೇಳಿದರು. ಉಂಡೆ ಕೊಬ್ಬರಿಯ ವಿಷಯ ಬಂದಾಗಂತೂ ಹಳೆಯ ದನಿಯೇ ಬಂತು. ನನಗೆ ಸುಮ್ಮನೆ ಹೆದರಿದೆವೇನೋ ಅನ್ನಿಸಿತು, ದೇವರಿಗೆ ಒಳಗೊಳಗೇ ಕೈ ಮುಗಿದೆ. ಆಮೇಲೆ ಡಾಕ್ಟರು ಇದು ಯಾವ ತಿಂಗಳು ಎಂದು ಕೇಳಿದರು. ಇವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಡಾಕ್ಟರು ಒತ್ತಾಯ ಮಾಡಲಿಲ್ಲ. ನನ್ನ ಕಡೆ ಕೈ ತೋರಿಸಿ, "ಇವರು ನಿಮಗೆ ಏನಾಗಬೇಕು?" ಎಂದರು.

"ನಮ್ಮಕ್ಕ. ಬೇಲೂರಿಗೆ ಕೊಟ್ಟೈತೆ" ಎಂದರು ಇವರು.

ಯಾರೂ ನಗಲಿಲ್ಲ. ಮದುವೆಯಾಗಿ ಮೂವತ್ತೊಂದು ವರ್ಷ. ಇವರು ಮೊದಲು ಡಾಕ್ಟರ ಮುಖ ನೋಡಿದರು. ಆಮೇಲೆ ಮಗಳ ಮುಖ. ಅವಳು ತುಟಿ ಕಚ್ಚಿಕೊಂಡು ಕೂತಿದ್ದಳು. ಆಮೇಲೆ ನನ್ನದು. ಒಂದು ಮುಖದಲ್ಲೂ ಇವರಿಗೆ ಏನೂ ಸಿಗಲಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲದಾದಾಗ ಆ ಕಣ್ಣುಗಳಲ್ಲಿ ಕಂಡ ಭಯವನ್ನು ನಾನು ಆ ಮನುಷ್ಯನಲ್ಲಿ ಒಂದು ದಿನವೂ ಕಂಡಿರಲಿಲ್ಲ. ತೊಡೆಯ ಮೇಲಿನ ಟವೆಲನ್ನು ಎರಡೂ ಕೈಯಲ್ಲಿ ಹಿಂಡುತ್ತ, ನನ್ನ ಕಡೆ ಬಾಗಿ, ನನಗೊಬ್ಬಳಿಗೇ ಕೇಳುವ ಹಾಗೆ, "ತಪ್ಪು ಹೇಳ್ಬುಟ್ನಾ?" ಎಂದರು.

ನಾನು ನಕ್ಕೆ. ಜೋರಾಗಿ, ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳುವ ಹಾಗೆ ನಕ್ಕೆ. ಇವರ ಕೈ ಸಡಿಲವಾಯಿತು. ಇವರೂ ನಗತೊಡಗಿದರು.

ಡಾಕ್ಟರು ಪೆನ್ನು ಕೆಳಗಿಟ್ಟು, ನಮ್ಮಿಬ್ಬರ ನಗು ಮುಗಿಯುವವರೆಗೂ ಕಾದರು. ಆಮೇಲೆ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು.