ರಿಪೋರ್ಟ್ ಚೆನ್ನಾಗಿತ್ತು

ನನಗೆ ನೋವಿರಲಿಲ್ಲ. ಜ್ವರವಿರಲಿಲ್ಲ. ಎರಡು ಬಾರಿ ಎಂಬ್ರಿಯೋ ಟ್ರಾನ್ಸ್‌ಫರ್ ಆಗಿ, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕೋಶಕ್ಕೆ ಹಾಕಿಸಿಕೊಂಡು, ಎರಡೂ ಬಾರಿ ಅದು ನಿಲ್ಲಲಿಲ್ಲ. ನನ್ನ ಕಾಯಿಲೆಗೆ ಇದ್ದ ಲಕ್ಷಣ ಅದೊಂದೇ.

ಇನ್ನೊಂದು ಎಂಬ್ರಿಯೋ ಫ್ರೀಜ್ ಆಗಿ ಆಸ್ಪತ್ರೆಯಲ್ಲಿತ್ತು. ಅದೇ ಕೊನೆಯದು. ಅಂಡಾಣು ತೆಗೆಸಿಕೊಂಡಾಗ ನಾನು ಪಟ್ಟ ಪಾಡು ನೋಡಿ, ಇನ್ನೊಮ್ಮೆ ಅದು ಬೇಡವೆಂದು ನಾವಿಬ್ಬರೂ ತೀರ್ಮಾನಿಸಿದ್ದೆವು.

ಅದನ್ನು ಹಾಕುವ ಮುನ್ನ ಡಾಕ್ಟರ್ ಗರ್ಭಕೋಶದ ಒಳಪದರದ ಒಂದು ಚೂರು ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬಂದ ದಿನ, ತೆಲುಗು ಬೆರೆತ ಇಂಗ್ಲಿಷಿನಲ್ಲಿ ಅವರು ಹೇಳಿದ್ದು ಇಷ್ಟು: ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚಿರಬೇಕು, ನನ್ನಲ್ಲಿ ತೀರ ಕಡಿಮೆ. ಬೇರೆ ಜಾತಿಯವು ಹೆಚ್ಚಾಗಿವೆ. ಎಂಬ್ರಿಯೋ ನಿಲ್ಲದಿರಲು ಅದೂ ಒಂದು ಕಾರಣ ಇರಬಹುದು.

ನಾನು ಓದಿದ್ದು ಬಯೋಟೆಕ್ನಾಲಜಿ. ಆಮೇಲೆ ನಮ್ಮ ಬ್ಯಾಚಿನ ಬಹುತೇಕರಂತೆ ಹೈದರಾಬಾದಿಗೆ ಬಂದು ಸಾಫ್ಟ್‌ವೇರ್ ಸೇರಿದೆ. ಈ ಹೆಸರುಗಳನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದವಳು. ಆದರೂ ನನ್ನ ಹೆಸರಿನ ಕೆಳಗೆ ಅವನ್ನು ಓದಿದಾಗ ಮೈ ತೊಳೆದುಕೊಳ್ಳಬೇಕು ಅನ್ನಿಸಿತು.

ಮರಳುವಾಗ ಆಟೋ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ ಟ್ರಾಫಿಕ್ಕಿನಲ್ಲಿ ನಿಂತಿತ್ತು. ನನ್ನ ಗಂಡ ಪ್ರಶಾಂತ್ ಮೆಲ್ಲಗೆ ಕೇಳಿದರು.

"ಎಲ್ಲಿಂದ ಬಂತದು?"

ಡ್ರೈವರಿಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದೂ ದನಿ ತಗ್ಗಿಸಿದ್ದರು. ನಾನು ರಿಪೋರ್ಟನ್ನು ಮಡಚಿ ಬ್ಯಾಗಿನೊಳಗೆ ತುರುಕಿದೆ.

ಮೊದಲು ಆಂಟಿಬಯಾಟಿಕ್. ಆಮೇಲೆ ಮಲಗುವ ಮುನ್ನ ಯೋನಿಯೊಳಗೆ ಇಟ್ಟುಕೊಳ್ಳುವ ಕ್ಯಾಪ್ಸೂಲ್. ಅದನ್ನು ಫ್ರಿಜ್ಜಿನಲ್ಲಿಡಬೇಕಿತ್ತು. ಚಿಕಿತ್ಸೆ ಶುರುವಾದಾಗ ರಾಯಚೂರಿನಿಂದ ಬಂದ ಅತ್ತೆ ನಮ್ಮ ಲಿಂಗಂಪಲ್ಲಿಯ ಫ್ಲಾಟಿನಲ್ಲೇ ಉಳಿದಿದ್ದರು. ಅವರ ಕಣ್ಣಿಗೆ ಬೀಳದ್ದು ಯಾವುದೂ ಇಲ್ಲ.

"ಇದು ಎದರ ಗುಳಗಿ?"

"ಒಳ್ಳೆಯ ಬ್ಯಾಕ್ಟೀರಿಯಾ ಅತ್ತೆ. ನನ್ನಲ್ಲಿ ಕಡಿಮೆ ಇವೆಯಂತೆ."

"ಅಂದ್ರ ಹುಳಾನ?"

"ಹಾಗೇ ಅಂದುಕೊಳ್ಳಿ."

"ಮೊನ್ನಿ ತನಕ ಹುಳಾ ಸಾಯಲಿ ಅಂತ ಗುಳಗಿ ತಗೊಂಡಿ. ಈಗ ಹುಳಾ ಬರಲಿ ಅಂತ ಗುಳಗಿ. ಭಾಳ ಚಂದ ಐತಿ ನಿಮ್ಮ ಡಾಕ್ಟರ್ ಕಾರಬಾರ."

ನಗು ಬಂತು. ಆ ಆಟೋ ಪ್ರಯಾಣದ ನಂತರ ನಕ್ಕದ್ದು ಅದೇ ಮೊದಲು.

ಮುಂದಿನ ಭೇಟಿಯಲ್ಲಿ ಪ್ರಶಾಂತ್ ತಮ್ಮ ಪ್ರಶ್ನೆಯನ್ನು ಡಾಕ್ಟರಿಗೇ ಕೇಳಿಬಿಟ್ಟರು. ನಾನು ಟೇಬಲ್ಲಿನ ಅಂಚು ನೋಡುತ್ತ ಕುಳಿತೆ.

"ಎಲ್ಲಿಂದಲೂ ಬಂದದ್ದಲ್ಲ," ಎಂದರು ಡಾಕ್ಟರ್. "ಎಲ್ಲ ಹೆಂಗಸರಲ್ಲೂ ಇರುತ್ತವೆ. ಪ್ರಮಾಣ ಒಬ್ಬೊಬ್ಬರಲ್ಲಿ ಒಂದೊಂದು ಥರ. ಇದರಲ್ಲಿ ಯಾರ ತಪ್ಪೂ ಇಲ್ಲ."

ಹೊರಗೆ ಬಂದ ಮೇಲೆ ಪ್ರಶಾಂತ್, "ನಾ ಅವತ್ತು ಹಂಗ ಕೇಳಬಾರದಿತ್ತು," ಎಂದರು. ಹೂಂ ಎಂದೆ.

ಡಾಕ್ಟರ್ ಇನ್ನೊಂದು ಮಾತನ್ನೂ ಹೇಳಿದ್ದರು. ಇದು ಹೊಸ ಪರೀಕ್ಷೆ, ಪ್ರಮಾಣ ಸರಿಹೋದರೆ ಅನುಕೂಲವಾಗಬಹುದು, ಗ್ಯಾರಂಟಿ ಇಲ್ಲ. ನಾನು ಅನುಕೂಲವಾಗಬಹುದು ಎಂಬಷ್ಟನ್ನೇ ಮನಸ್ಸಿನಲ್ಲಿಟ್ಟುಕೊಂಡೆ. ನಿಜ ಹೇಳಬೇಕೆಂದರೆ, ಒಳಗೊಳಗೇ ಸಮಾಧಾನವೂ ಆಗಿತ್ತು. ಎರಡು ಸೋಲಿಗೆ ಕೊನೆಗೂ ಒಂದು ಹೆಸರು ಸಿಕ್ಕಿತ್ತು. ಹೆಸರಿರುವ ಕಾಯಿಲೆಗೆ ಔಷಧಿ ಇರುತ್ತದೆ.

ಮತ್ತೆ ಚೂರು ತೆಗೆದರು. ಮತ್ತೆ ಕಾದೆವು. ಈ ಬಾರಿ ರಿಪೋರ್ಟ್ ಚೆನ್ನಾಗಿತ್ತು. ಇರಬೇಕಾದವು ಇರಬೇಕಾದಷ್ಟು ಇದ್ದವು. ಒಳಪದರವೂ ಸರಿಯಾಗಿ ಬೆಳೆದಿತ್ತು. ಕೊನೆಯ ಎಂಬ್ರಿಯೋವನ್ನು ಹಾಕುವಾಗ ಸ್ಕ್ಯಾನ್ ಪರದೆಯಲ್ಲಿ ಬೆಳ್ಳನೆಯ ಚುಕ್ಕಿಯೊಂದು ಕಂಡಿತು. ಪ್ರಶಾಂತ್ ಅದನ್ನು ನೋಡಲು ನನ್ನ ತಲೆಯ ಪಕ್ಕ ಬಗ್ಗಿದರು.

ರಕ್ತಪರೀಕ್ಷೆಯ ಫಲಿತಾಂಶ ತಿಳಿಸಲು ಆಸ್ಪತ್ರೆಯವರು ಫೋನ್ ಮಾಡಿದಾಗ ನಾನು ಆಫೀಸಿನ ಮೆಟ್ಟಿಲ ಮೇಲಿದ್ದೆ.

ನೆಗೆಟಿವ್.

"ಎಲ್ಲವೂ ಸರಿಯಾಗಿತ್ತು," ಎಂದರು ಡಾಕ್ಟರ್, ನಾವು ಹೋಗಿ ಎದುರು ಕುಳಿತಾಗ. "ಯಾಕೆ ನಿಲ್ಲಲಿಲ್ಲ ಅಂತ ನನಗೆ ಗೊತ್ತಿಲ್ಲಮ್ಮಾ."

ಹಿಂದಿನ ಎರಡು ಬಾರಿ ಅತ್ತಿದ್ದೆ. ಈ ಬಾರಿ ಅಳುವೂ ಬರಲಿಲ್ಲ. ಕಾರಣ ಇದ್ದಾಗ ಅದರ ಮೇಲೆ ಸಿಟ್ಟಾಗಬಹುದಿತ್ತು, ಅದನ್ನು ಸರಿಪಡಿಸುತ್ತೇನೆಂದು ಓಡಾಡಬಹುದಿತ್ತು. ಈಗ ನನ್ನ ದೇಹದಲ್ಲಿ ಸರಿಪಡಿಸಬೇಕಾದದ್ದು ಏನೂ ಉಳಿದಿರಲಿಲ್ಲ. ಮಗುವೂ ಇರಲಿಲ್ಲ. ಗೊತ್ತಿಲ್ಲ ಎಂದದ್ದಕ್ಕೆ ಡಾಕ್ಟರ್ ಮೇಲೆ ಆಗ ಕೋಪವಿತ್ತು. ಈಗ ಇಲ್ಲ. ಇನ್ನೊಂದು ಸುಳ್ಳು ಆಸೆ ಹುಟ್ಟಿಸಲಿಲ್ಲ ಅವರು.

ಆ ವಾರ ರಜೆ ಹಾಕಿ ಮನೆಯಲ್ಲಿದ್ದೆ. ಒಂದು ಮಧ್ಯಾಹ್ನ ಅತ್ತೆಗೆ ಅವರ ತಂಗಿಯ ಫೋನ್ ಬಂತು. ನಾನು ಅಡುಗೆಮನೆಯಲ್ಲಿದ್ದೆ. ಸ್ಪೀಕರ್ ಹಾಕದೆ ಮಾತಾಡಲು ಅತ್ತೆಗೆ ಬರುವುದಿಲ್ಲ.

"ದೋಷ ಯಾರಾಗ ಐತಂತ ಅಕ್ಕಾ? ಹುಡುಗಿಯಾಗೇನು?"

ನಾನು ನಲ್ಲಿ ನಿಲ್ಲಿಸಿದೆ.

"ಯಾರಾಗೂ ಇಲ್ಲ," ಎಂದರು ಅತ್ತೆ. "ನಿಲ್ಲಲಿಲ್ಲ, ಅಷ್ಟ."

"ಮತ್ತ ಡಾಕ್ಟರ್ ಏನಂದ್ರು?"

"ಅವರೂ ಅದನ್ನ ಅಂದ್ರು. ಇಡು ಫೋನ."

ಅಡುಗೆಮನೆಗೆ ಬಂದರು. ನನ್ನ ಮುಖ ನೋಡಲಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟು, "ಚಾ ಮಾಡ್ತೀನಿ, ಕುಡಿತಿಯೇನು?" ಎಂದರು.

ಸಕ್ಕರೆ ಜಾಸ್ತಿಯಾಗಿತ್ತು. ಅವರ ಪಕ್ಕದಲ್ಲೇ ಕುಳಿತು ಪೂರ್ತಿ ಕುಡಿದೆ.